ಚಿಕ್ಕಮ್ಮನ ಮನೆಯೊಳಗಿನ ದಾರಿ

ಡೊಂಬಿವಿಲಿಯಲ್ಲಿರುವ ನನ್ನ ಚಿಕ್ಕಮ್ಮನ ಮನೆಗೆ ಹೋಗುವ ದಾರಿ ನಮ್ಮ ನೆಂಟರಿಗೆಲ್ಲ ಗೊತ್ತು. ಮನೆಯೊಳಗಿನ ದಾರಿ ಮಾತ್ರ ಯಾರಿಗೂ ಗೊತ್ತಿಲ್ಲ! ಹೋದ ಸಲ ಸೋಫಾ ಇದ್ದಲ್ಲಿ ಈ ಸಲ ಕಪಾಟು, ಕಪಾಟು ಇದ್ದಲ್ಲಿ ಮಂಚ, ಮಂಚ ಎಲ್ಲಿತ್ತೋ ಅಲ್ಲಿ ಏನಿದೆಯೆಂದು ದೇವರಿಗೂ ಗೊತ್ತಿರಲಿಕ್ಕಿಲ್ಲ. ಏಕೆಂದರೆ ದೇವರ ಮಂಟಪವೇ ಮೂರು ಗೋಡೆ ಸುತ್ತಿ ಬಂದಿದೆ!

ಇರುವುದು ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ. ಇಷ್ಟರಲ್ಲಿ ಎಷ್ಟೆಂದು ತಿರುಗಿಸುವುದು ಎಂದು ನೀವು ಕೇಳಬಹುದು. ನೀವು ಚಿಕ್ಕಮ್ಮನನ್ನು ನೋಡಿಲ್ಲ, ಅದಕ್ಕೇ ಕೇಳುತ್ತಿದ್ದೀರಿ. ಐದಡಿ ಎತ್ತರವಿಲ್ಲದ ಹೆಂಗಸು, ಸೆರಗು ಸಿಕ್ಕಿಸಿ, ಕಪಾಟಿನ ಕಾಲಡಿಗೆ ಹಳೆಯ ಬೆಡ್‌ಶೀಟ್ ತುರುಕಿ, ಬೆನ್ನು ಕೊಟ್ಟು ನೂಕಿದಳೆಂದರೆ ಕಬ್ಬಿಣದ ಕಪಾಟೂ ಸಿಗ್ನಲ್ ಸಿಕ್ಕ ಲೋಕಲ್ ಟ್ರೇನಿನ ಹಾಗೆ ಹೊರಟುಬಿಡುತ್ತದೆ. ಕೆಳಗಿನ ಮನೆಯ ಮರಾಠಿ ಹೆಂಗಸು, ಎಲ್ಲರ ಪಾಲಿಗೂ ಕಾಕು, ತಮ್ಮ ಕಿಟಕಿಯಿಂದಲೇ ಕೂಗುತ್ತಾರೆ, “ಅಹೋ ವಹಿನಿ, ಆಜ್ ಕಾಯ್ ಹಲವಲಂ?” ಅತ್ತಿಗೆ, ಇವತ್ತು ಏನನ್ನು ಸರಿಸಿದಿರಿ ಎಂದು ವಿಚಾರಣೆ.

ಇಷ್ಟು ಸಾಮಾನು ಎಲ್ಲಿಂದ ಬಂತು ಅನ್ನುತ್ತೀರಾ? ಠಾಣೆಯಿಂದ ಕಲ್ಯಾಣದವರೆಗೆ ಈಗ ಹಳೆಯ ಬಿಲ್ಡಿಂಗುಗಳನ್ನು ಕೆಡವಿ ಟವರ್ ಏಳಿಸುವ ಭರಾಟೆ. ಖಾಲಿ ಮಾಡುವವರು ಬಾಡಿಗೆ ಮನೆಯಲ್ಲಿ ಹಿಡಿಸದ್ದನ್ನೆಲ್ಲ ಕೆಳಗಿಳಿಸಿ ಸಿಕ್ಕಿದ ಬೆಲೆಗೆ ಮಾರುತ್ತಾರೆ. ಬಿಲ್ಡರನ ಬೋರ್ಡು ಕಂಡಲ್ಲಿ ಬೇರೆಯವರು ಹೊಸ ಫ್ಲ್ಯಾಟಿನ ರೇಟು ವಿಚಾರಿಸಿದರೆ, ಚಿಕ್ಕಮ್ಮ ವಾಚ್‌ಮನ್ ಹತ್ತಿರ ಹೋಗಿ ಯಾವಾಗ ಖಾಲಿಯಾಗುತ್ತದೆಂದು ಗುಟ್ಟಾಗಿ ಕೇಳುತ್ತಾಳೆ, “ಭೈಯ್ಯಾ, ಖಾಲಿ ಕಬ್ ಹೋ ರಹಾ ಹೈ?” ಅರ್ಧ ಊರಿನ ವಾಚ್‌ಮನ್‌ಗಳ ಫೋನಿನಲ್ಲಿ ಅವಳ ನಂಬರ್ ಇದೆ!

ಹೀಗೇ ಕೆಡವಲಿದ್ದ ಒಂದು ಬಿಲ್ಡಿಂಗಿನಿಂದ ಒಂದು ಕಿಟಕಿ ಕೊಂಡಳು. ಸಾಗುವಾನಿಯದ್ದು, ಬಣ್ಣದ ಗಾಜಿನದ್ದು, ಎರಡು ಬಾಗಿಲಿನದ್ದು. ಕಲ್ಯಾಣದಲ್ಲಿ ಆರಾಮವಾಗಿದ್ದ ನನ್ನನ್ನು ಕರೆಸಿಕೊಂಡು ಅದನ್ನು ಹೊರಿಸಿದಳು. ಟೆಂಪೋ ಯಾಕೆ ದಂಡ ಎಂದು ಲೋಕಲ್ಲಿನ ಲಗೇಜ್ ಡಬ್ಬಿಗೆ ಹತ್ತಿಸಿದಳು. ಮೀನುಬುಟ್ಟಿಗಳ ನಡುವೆ ನಾನು ಕಿಟಕಿಯನ್ನು ತಬ್ಬಿ ನಿಂತಿದ್ದೆ. ಸೆಕೆಯೋ ಸೆಕೆ. ಮೀನಿನವಳೊಬ್ಬಳು ಗಂಭೀರವಾಗಿ ಹೇಳಿದಳು, “ಖಿಡ್ಕೀ ಉಘಡಾ ನಾ, ಜರಾ ಹವಾ ಯೇವೂ ದ್ಯಾ!” ಕಿಟಕಿ ತೆರೆಯಬೇಕಂತೆ, ಸ್ವಲ್ಪ ಗಾಳಿ ಬರಲಂತೆ! ಇಡೀ ಡಬ್ಬಿ ನಕ್ಕಿತು. ಚಿಕ್ಕಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮನೆಯಲ್ಲಿ ಇದ್ದ ಕಿಟಕಿಗಳೆಲ್ಲ ಗಟ್ಟಿಮುಟ್ಟಾಗಿದ್ದವು. ಹಾಗಾಗಿ ಇದನ್ನು ಹಾಲಿನ ಗೋಡೆಗೇ ಮೊಳೆ ಹೊಡೆದು ಕೂರಿಸಿ, ಸೇಲಿನಲ್ಲಿ ತಂದ ಪರದೆ ಇಳಿಬಿಟ್ಟಳು. ಆಗ ಚಿಕ್ಕಪ್ಪ ಠಾಣೆಯ ಒಂದು ಆಫೀಸಿನಲ್ಲಿ ಗುಮಾಸ್ತರು. ಸಂಜೆ ಬೆವರಿಳಿಸುತ್ತ ಬಂದವರೇ ಪರದೆ ಸರಿಸಿ, ಬಾಗಿಲು ತೆರೆದು, ಮುಖ ಒಡ್ಡಿದರು. ಎದುರಿಗೆ ಗೋಡೆ!

“ಎಂತ ಮಾರಾಯ್ತಿ ಇದು, ಕಿಟಕಿಯಾ ಗೋಡೆಯಾ?”

“ಕಿಟಕಿಯೇ. ಎಲ್ಲ ಕಿಟಕಿಯೂ ಗಾಳಿಗೇ ಇರ್ಬೇಕಾ? ಚಂದಕ್ಕೆ ಒಂದು ಇರ್ಲಿ.”

ಚಿಕ್ಕಪ್ಪ ಬಾಗಿಲು ಮುಚ್ಚಿ ಪರದೆ ಎಳೆದರು. ಅವರು ಯಾವತ್ತೂ ಅಷ್ಟಕ್ಕೇ ಒಪ್ಪಿಕೊಳ್ಳುವವರು. ದಿನಾ ಸಂಜೆ ಹೊಸ್ತಿಲಲ್ಲಿ ನಿಂತು, ಒಂದು ಚಪ್ಪಲಿ ಬಿಚ್ಚಿ, ಇನ್ನೊಂದನ್ನು ಬಿಚ್ಚುವ ಮೊದಲು ಕೇಳುತ್ತಿದ್ದರು, “ಇವತ್ತು ಕುರ್ಚಿ ಎಲ್ಲಿ ಉಂಟು?” ಚಿಕ್ಕಮ್ಮ ಒಳಗಿನಿಂದಲೇ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಧಾಟಿಯಲ್ಲಿ, “ಎಡಕ್ಕೆ ಬನ್ನಿ, ಫ್ರಿಜ್ ದಾಟಿ, ಟಿವಿ ಎದುರು” ಅನ್ನುವಳು. ಕೇಳದೆ ಕೂತ ದಿನ ಅವರು ನೆಲದ ಮೇಲಿರುತ್ತಿದ್ದರು.

ಇಟ್ಟಿಗೆಯ ಕಥೆ ಹೇಳದಿದ್ದರೆ ಚಿಕ್ಕಮ್ಮನಿಗೆ ಅನ್ಯಾಯ ಮಾಡಿದ ಹಾಗೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ, ಇಟ್ಟಿಗೆ ಗೋಡೆಯಂತೆ ಕಾಣುವ ಫೋಮಿನ ಸ್ಟಿಕ್ಕರು? ಅದನ್ನು ಹಾಲಿಗೆಲ್ಲ ಅಂಟಿಸಿದ್ದಳು. ಮಳೆಗಾಲದಲ್ಲಿ ಟಿಟ್ವಾಳಾದಿಂದ ಚಿಕ್ಕಪ್ಪನ ಭಾವ ಬಂದರು. ಕಾಫಿ ಲೋಟ ಕೈಗೆ ಬಂದದ್ದೇ ತಡ, ಅವರ ಹಿಂದೆ ಪರ್‍ರ್ ಎಂದು ಸದ್ದಾಯಿತು. ತಿರುಗಿ ನೋಡುತ್ತಾರೆ, ಇಟ್ಟಿಗೆ ಗೋಡೆ ಬಾಗಿ ಬಾಗಿ ಮೈಮೇಲೆ ಬರುತ್ತಿದೆ! ಮಳೆ ಶುರುವಾದರೆ ಯಾವ ಬಿಲ್ಡಿಂಗಿಗೆ ಅಪಾಯದ ನೋಟೀಸು ಅಂಟುತ್ತದೋ ಎಂದು ಹೆದರಿಕೊಂಡೇ ಮಲಗುವ ಊರು ನಮ್ಮದು. ಭಾವ “ಗೋಡೆ ಬಿತ್ತೂ!” ಎಂದು ಕಿರುಚಿ ಲೋಟದ ಸಮೇತ ಮೆಟ್ಟಿಲಿಳಿದರು. ಅವರ ಹಿಂದೆ ಇಡೀ ಬಿಲ್ಡಿಂಗ್ ಇಳಿಯಿತು. ಕಾಕು ಗ್ಯಾಸ್ ಬಂದ್ ಮಾಡಿ, ಮನೆಯ ಗಣಪತಿಯನ್ನು ಎದೆಗವುಚಿಕೊಂಡು ಓಡಿದರು. ಎಲ್ಲರೂ ಮಳೆಯಲ್ಲಿ ನಿಂತು ಮೇಲೆ ನೋಡುತ್ತಿದ್ದಾಗ ಚಿಕ್ಕಮ್ಮ ಗೋಡೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಿಧಾನವಾಗಿ ಇಳಿದು ಬಂದಳು. “ಇಷ್ಟೇ ಬಿದ್ದದ್ದು ಮಾರಾಯ್ರೆ. ಗಮ್ ಸಾಕಾಗ್ಲಿಲ್ಲ.” ಭಾವ ಮಾತ್ರ ಮತ್ತೆ ಮೇಲೆ ಹತ್ತಲಿಲ್ಲ. ಉಳಿದ ಕಾಫಿಯನ್ನು ಗೇಟಿನ ಹತ್ತಿರವೇ ಕುಡಿದರು.

ಒಮ್ಮೆ ನಾನು ಕೇಳಿಯೇಬಿಟ್ಟೆ, “ಚಿಕ್ಕಮ್ಮ, ಒಂದು ಸಲ ಇಟ್ಟದ್ದನ್ನು ಅಲ್ಲೇ ಬಿಡಲಿಕ್ಕೆ ನಿನಗೇನು ಕಷ್ಟ?”

ಅವಳು ಸ್ಟೂಲನ್ನು ಕಾಲಿನಿಂದ ನೂಕುತ್ತ ಹೇಳಿದಳು, “ಎಲ್ಲರೂ ದೊಡ್ಡ ಮನೆ ಅಂತ ಹೋಗ್ತಾ ಇದ್ದಾರೆ. ನಮ್ಮಿಂದ ಆಗುದಿಲ್ಲ. ಮನೆ ಬದಲಿಸ್ಲಿಕ್ಕೆ ಆಗದವರು ಇದ್ದ ಮನೆಯನ್ನೇ ಬದಲಿಸ್ಬೇಕು. ಇಲ್ಲದಿದ್ರೆ ನನಗೆ ಉಸಿರು ಕಟ್ತದೆ.”

ಚಿಕ್ಕಪ್ಪ ರಿಟೈರ್ ಆದ ಮೇಲೆ ಒಂದು ಹೊಸ ಉಪದ್ರ ಶುರುವಾಯಿತು. ಟೀಪಾಯಿಗೆ ಮೊಣಕಾಲು ಬಡಿಸಿಕೊಳ್ಳುವರು, ಸ್ಟೂಲು ಎಡವುವರು. ನಾವೆಲ್ಲ ನಗುತ್ತಿದ್ದೆವು, ಚಿಕ್ಕಮ್ಮನನ್ನು ಬೈಯುತ್ತಿದ್ದೆವು. ಒಂದು ದಿನ ಅವರು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡರು. ಚೌಕಟ್ಟನ್ನು ಚಿಕ್ಕಮ್ಮ ಸರಿಸಿರಲಿಲ್ಲ.

ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳನ್ನು ತಿಂದುಹಾಕಿತ್ತು. ಹೋದ ದೃಷ್ಟಿ ವಾಪಸು ಬರುವುದಿಲ್ಲ ಎಂದರು ಡಾಕ್ಟರು. ಉಳಿದದ್ದು ಬೆಳಕೋ ನೆರಳೋ ಅನ್ನುವಷ್ಟು ಮಾತ್ರ.

ಅವತ್ತಿನಿಂದ ಆ ಮನೆ ನಿಂತುಬಿಟ್ಟಿತು. ಸೋಫಾ ಸೋಫಾದ ಜಾಗದಲ್ಲಿ, ಕಪಾಟು ಕಪಾಟಿನ ಜಾಗದಲ್ಲಿ. ವಾಚ್‌ಮನ್‌ಗಳ ಫೋನು ಬಂದರೆ ಚಿಕ್ಕಮ್ಮ “ನಹೀ ಭೈಯ್ಯಾ” ಎಂದು ಇಟ್ಟುಬಿಡುತ್ತಿದ್ದಳು. ನಾನು ಕೂರಲೆಂದು ಸ್ಟೂಲು ಸ್ವಲ್ಪ ಎಳೆದುಕೊಂಡರೆ, “ಇಡು ಅಲ್ಲೇ!” ಎಂದು ಗದರಿದಳು. ಅದುವರೆಗೆ ಅವಳು ನನ್ನನ್ನು ಹಾಗೆ ಗದರಿದ್ದೇ ಇರಲಿಲ್ಲ. ಎಲ್ಲವೂ ಅಚ್ಚುಕಟ್ಟಾಗಿದ್ದ ಆ ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಒಂದನ್ನೊಂದು ತಿಕ್ಕುತ್ತಿದ್ದವು. ಸದ್ದೇ ಇಲ್ಲವಲ್ಲ ಎಂದು ಗಾಬರಿಯಾಗಿ ಕಾಕು ಮೇಲೆ ಬಂದು ವಿಚಾರಿಸಿ ಹೋದರು.

ಹೋದ ಭಾನುವಾರ ನಾನು ಅಲ್ಲಿದ್ದೆ. ಮಧ್ಯಾಹ್ನದ ಊಟ ಆಗಿತ್ತು.

“ಎಂತ ಮಾಡ್ತಾ ಇದ್ದಿ?” ಎಂದರು ಚಿಕ್ಕಪ್ಪ.

“ಸುಮ್ಮನೆ ಕೂತಿದ್ದೇನೆ.”

“ನೀನು ಸುಮ್ಮನೆ ಕೂತ್ರೆ ನನಗೆ ಹೆದರಿಕೆ ಆಗ್ತದೆ ಮಾರಾಯ್ತಿ. ಏಳು, ಏನಾದ್ರೂ ಎಳಿ.”

“ನೀವು ಬೀಳ್ತೀರಿ.”

“ಮೊದಲು ಕಣ್ಣು ಇರುವಾಗಲೂ ನಾನು ನಿನ್ನತ್ರ ಕೇಳಿಯೇ ಕೂತದ್ದಲ್ವಾ?”

ಚಿಕ್ಕಮ್ಮ ಎದ್ದು ಸೆರಗು ಸಿಕ್ಕಿಸಿ ಬೆಡ್‌ಶೀಟ್ ತಂದಳು. ಕೈ ಕೊಡಲು ಹೋದ ನನ್ನನ್ನು ಆಚೆ ನೂಕಿದಳು. ಕಪಾಟು ಕಿರ್‍ರೆಂದು ಹೊರಟಿತು. ಕೆಳಗಿನಿಂದ ಕಾಕು ಖುಷಿಯಲ್ಲಿ ಕೂಗಿದರು, “ವಹಿನಿ, ಆಜ್ ಕಾಯ್ ಹಲವಲಂ?”

ಎಲ್ಲ ಮುಗಿಯುವವರೆಗೆ ಚಿಕ್ಕಪ್ಪ ಗೋಡೆ ಹಿಡಿದು ಬಾಗಿಲ ಹೊರಗೆ ಹೋಗಿ ನಿಂತಿದ್ದರು. ಆಮೇಲೆ ಹೊಸ್ತಿಲಿಗೆ ಬಂದು, ಒಂದು ಚಪ್ಪಲಿ ಬಿಚ್ಚಿ ಕೇಳಿದರು, “ಇವತ್ತು ಕುರ್ಚಿ ಎಲ್ಲಿ ಉಂಟು?”

ಚಿಕ್ಕಮ್ಮ ಒಳಗಿನಿಂದ ಕೂಗಲಿಲ್ಲ. ಹೋಗಿ ಅವರ ಕೈ ಹಿಡಿದಳು. ಫ್ರಿಜ್ಜು, ಕಪಾಟು, ಮಂಟಪ ಒಂದೊಂದನ್ನೂ ಮುಟ್ಟಿಸುತ್ತ ಕರೆದುತಂದು ಕುರ್ಚಿಯಲ್ಲಿ ಕೂರಿಸಿ, “ಕಿಟಕಿ ಹತ್ರ ಹಾಕಿದ್ದೇನೆ” ಎಂದಳು. ಅದು ಗೋಡೆಗೆ ಮೊಳೆ ಹೊಡೆದ ಆ ಸಾಗುವಾನಿಯ ಕಿಟಕಿ.

“ಹಾಗಾದ್ರೆ ತೆಗಿ ಮಾರಾಯ್ತಿ, ಸೆಕೆ ಆಗ್ತಾ ಉಂಟು.”

ಚಿಕ್ಕಮ್ಮ ಪರದೆ ಸರಿಸಿ ಎರಡೂ ಬಾಗಿಲು ತೆರೆದಳು. ಚಿಕ್ಕಪ್ಪ ಗೋಡೆಯ ಕಡೆ ಮುಖ ಒಡ್ಡಿ ಕಣ್ಣು ಮುಚ್ಚಿದರು.

“ಹಾಂ,” ಎಂದರು, “ಈಗ ಗಾಳಿ ಬಂತು.”