ಫೈರ್ ಎಂಜಿನ್ ಬಂತು, ಕಾಫಿಗಿಡಿ

ನಮ್ಮ ಫೈರ್ ಸ್ಟೇಷನ್ನಿನಲ್ಲಿ ಬೆಂಕಿಯ ಸುದ್ದಿ ಬರೋದು ಅಪರೂಪ, ನಗು ಬರೋ ಸುದ್ದಿ ಮಾತ್ರ ವಾರಕ್ಕೆ ಎರಡಾದರೂ ಇರುತ್ತೆ. ಅಮೆರಿಕದ ಲಿನ್‌ವುಡ್ ಪಕ್ಕದ ಪುಟ್ಟ ಊರು ನಮ್ಮದು. ಯಾವ ಕರೆ ಎಷ್ಟು ಹೊತ್ತಿಗೆ ಬಂತು, ಹೋದವರು ಯಾವಾಗ ವಾಪಸ್ಸಾದರು ಅಂತ ಕಂಪ್ಯೂಟರಿನಲ್ಲಿ ಬರೆದಿಡೋದು ನನ್ನ ಕೆಲಸ. ಯಾರ ಹತ್ತಿರವೂ ಮಾತಾಡಬೇಕಿಲ್ಲ ಅನ್ನೋ ಒಂದೇ ಕಾರಣಕ್ಕೆ ಸೇರಿಕೊಂಡ ಕೆಲಸ.

೧. ಏಣಿ

ಇಲ್ಲಿ ಯಾರಿಗಾದರೂ ಎದೆ ನೋವು, ತಲೆಸುತ್ತು ಅಂತ ಫೋನ್ ಮಾಡಿದರೆ ಮೊದಲು ಬರೋದು ಕೆಂಪು ಫೈರ್ ಎಂಜಿನ್. ಅದರಲ್ಲಿರೋರೇ ಬಿಪಿ ನೋಡ್ತಾರೆ, ಬಿದ್ದವರನ್ನ ಎತ್ತುತ್ತಾರೆ. ಈಗೀಗ ಬರೋ ಕರೆಗಳಲ್ಲಿ ಹೆಚ್ಚಿನವು ಇಂಥವೇ.

ಮೈಸೂರಿನಿಂದ ಬಂದು ನನ್ನ ಜೊತೆ ಇರೋ ಅಮ್ಮನಿಗೆ ಇದು ಗೊತ್ತಿರಲಿಲ್ಲ. ಕೆಳಗಿನ ಮನೆ ಆಂಟಿಗೆ ತಲೆ ಸುತ್ತಿ ಎಂಜಿನ್ ಬಂದ ದಿನ, ಅಮ್ಮ ಸ್ಟವ್ ಆರಿಸಿ, ಪಾಸ್‌ಪೋರ್ಟು, ದೇವರ ಬೆಳ್ಳಿ ದೀಪ ಬ್ಯಾಗಿಗೆ ಹಾಕಿಕೊಂಡು ಕೆಳಗೆ ಓಡಿದರು.

"ಬೆಂಕಿ ಎಲ್ಲೇ?"

"ಬೆಂಕಿ ಇಲ್ಲಮ್ಮ. ಆಂಟಿಗೆ ತಲೆಸುತ್ತಂತೆ."

ಅಮ್ಮ ಎಂಜಿನ್ನನ್ನ ಮೇಲಿಂದ ಕೆಳಗೆ ನೋಡಿದರು. "ತಲೆಸುತ್ತಿರೋಳಿಗೆ ಏಣಿ ಯಾಕೆ ತಂದಿದಾರೆ?"

ಎರಡು ವರ್ಷದಿಂದ ಅಲ್ಲೇ ಕೆಲಸ ಮಾಡ್ತಿದೀನಿ. ಈ ಪ್ರಶ್ನೆ ನನಗೆ ಒಮ್ಮೆಯೂ ಬಂದಿರಲಿಲ್ಲ.

೨. ಬೇಡ ಅಂದರೆ

ನಮ್ಮಲ್ಲಿ ಒಂದು ಪಾಳಿಗೆ ಒಂದೇ ತಂಡ. ಅವರು ಒಂದು ಮನೆಯಲ್ಲಿರುವಾಗ ಇನ್ನೊಂದು ಕರೆ ಬಂದರೆ ಪಕ್ಕದ ಊರಿನಿಂದ ಗಾಡಿ ಬರಬೇಕು. ಅದಕ್ಕೇ ಮೆಡಿಕಲ್ ಕರೆಗಳಿಗೆ ಅಂತಲೇ ಇನ್ನಿಬ್ಬರ ತಂಡ ಬೇಕು ಎಂದು ನಮ್ಮ ಚೀಫ್ ನಗರಸಭೆಗೆ ಬರೆದಿದ್ದರು. ಅಲ್ಲೊಬ್ಬ ಸದಸ್ಯರು ನಾನು ಬರೆದಿಟ್ಟ ಕರೆಗಳ ಪಟ್ಟಿಯನ್ನೇ ಹಿಡಿದುಕೊಂಡು ಕೇಳಿದ್ದರು: "ಈ ಒಂದು ಅಪಾರ್ಟ್‌ಮೆಂಟಿಗೆ ಹೋದಾಗಲೆಲ್ಲ ಯಾಕೆ ಇಷ್ಟು ಹೊತ್ತು? ಹೊಸಬರು ಬೇಡ, ಇರೋರು ಬೇಗ ಕೆಲಸ ಮುಗಿಸಲಿ."

ಅದು ನಾನಿರೋ ಅಪಾರ್ಟ್‌ಮೆಂಟು. ಮಕ್ಕಳ ಮನೆಗೆ ಬಂದಿರೋ ನಮ್ಮ ಕಡೆಯ ಅಜ್ಜ ಅಜ್ಜಿಯರೇ ಅರ್ಧ ಕಟ್ಟಡ ತುಂಬಿದಾರೆ.

ಧೈರ್ಯ ಮಾಡಿ ತಂಡದ ಕ್ಯಾಪ್ಟನ್ನನ್ನ ಕೇಳಿದೆ. ಆರಡಿ ಮೇಲಿರೋ ಮನುಷ್ಯ ನೆಲ ನೋಡಿದರು. "ಬಿಪಿ ನೋಡೋದು ಬೇಗ ಮುಗಿಯುತ್ತೆ. ಆಮೇಲೆ ಕಾಫಿ ಕೊಡ್ತಾರೆ. ಆಮೇಲೆ ಆ ರವೆಯದ್ದು."

"ಬೇಡ ಅನ್ನಬಹುದಲ್ಲ?"

"ಅಂದೆ. ಬೇಡ ಅಂದರೆ ಇನ್ನೊಂದು ಸಲ ಬಡಿಸ್ತಾರೆ."

ಕುಡೀತಿರೋವಾಗಲೇ ಇನ್ನೊಂದು ಕರೆ ಬಂದು ಓಡಿದ್ದೂ ಇದೆಯಂತೆ. ಎಂಜಿನ್ನಿನಲ್ಲಿ ಈಗ ನಾಲ್ಕು ಸ್ಟೀಲ್ ಲೋಟ ಇವೆ.

೩. ನೋಟಿಸು

ಚೀಫ್ ಹೇಳಿದ್ದಕ್ಕೆ ಕನ್ನಡದಲ್ಲಿ ಒಂದು ನೋಟಿಸು ಬರೆದೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳಿಗೆ ಆ ನಾಲ್ಕು ಸಾಲಿಗೆ ಒಂದು ಮಧ್ಯಾಹ್ನ ಬೇಕಾಯಿತು. "ದಯವಿಟ್ಟು ಸಿಬ್ಬಂದಿಗೆ ಕಾಫಿ, ತಿಂಡಿ ಕೊಟ್ಟು ಕೂರಿಸಿಕೊಳ್ಳಬೇಡಿ. ಬೇರೆಯವರು ಕಾಯುತ್ತಿರುತ್ತಾರೆ." ಲಿಫ್ಟಿನಲ್ಲಿ ಅಂಟಿಸಿ, ಯಾರೂ ನೋಡೋ ಮೊದಲೇ ಮನೆ ಸೇರಿಕೊಂಡೆ.

ಸಂಜೆ ಅಮ್ಮ ವಾಕಿಂಗ್ ಮುಗಿಸಿ ಬಂದರು. "ಮನೆಗೆ ಬಂದೋರಿಗೆ ಏನೂ ಕೊಡಬೇಡಿ ಅಂತ ಯಾವಳೋ ಬರೆದಿದಾಳೆ. ಯಾರ ಮನೆ ಮಗಳೋ ಏನೋ."

ನಾನು ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಕೊಂಡೆ.

ಮುಂದಿನ ಕರೆಗೆ ಹೋದ ತಂಡ ಬೇಗ ವಾಪಸ್ಸಾಯಿತು. ಚೀಫ್ ಹೆಬ್ಬೆರಳೆತ್ತಿ ತೋರಿಸಿದರು. ಹಿಂದೆಯೇ ಕ್ಯಾಪ್ಟನ್ ಬಂದು ನನ್ನ ಮೇಜಿನ ಮೇಲೆ ಬಿಸಿ ಡಬ್ಬಿಯೊಂದನ್ನ ಇಟ್ಟರು. ಒಳಗೆ ಚಿತ್ರಾನ್ನ.

"ನಿಮ್ಮ ನೋಟಿಸು ಕೆಲಸ ಮಾಡಿದೆ," ಎಂದರು. "ಈಗ ಪಾರ್ಸಲ್ ಕೊಡ್ತಾರೆ."

೪. ನಲವತ್ತೇಳು

ನಗರಸಭೆ ವೋಟು ಹಾಕೋ ದಿನ ಪಟ್ಟಿ ವಿವರಿಸೋಕೆ ನಾನೇ ನಿಲ್ಲಬೇಕಾಯಿತು. ಅದೇ ಸದಸ್ಯರು ಕೇಳಿದರು: "ಕಾಫಿ ಸಮಸ್ಯೆ ಮುಗೀತಲ್ಲ. ಇನ್ನು ಒಂದೇ ತಂಡ ಸಾಕಲ್ಲವೇ? ಎರಡನೆಯವರು ಸ್ವಲ್ಪ ಕಾದರೆ ಏನಾಗುತ್ತೆ?"

ಉತ್ತರ ನನ್ನ ಕೈಯಲ್ಲಿದ್ದ ಹಾಳೆಯಲ್ಲೇ ಇತ್ತು. ನಾನು ಮಾತ್ರ ಅದನ್ನ ಮಡಚಿ, ಬಿಡಿಸಿ, ಮತ್ತೆ ಮಡಚಿದೆ.

ಆಗ ಸಾರ್ವಜನಿಕರ ಸಾಲಿನಲ್ಲಿ ನಮ್ಮ ಮೂರನೇ ಮಹಡಿಯ ಮೇಷ್ಟ್ರು ಎದ್ದರು. ರಿಟೈರ್ಡ್ ಹೆಡ್‌ಮಾಸ್ಟರು. ಪಕ್ಕದಲ್ಲಿ ಅಮ್ಮ, ತೊಡೆ ಮೇಲೆ ದೊಡ್ಡ ಬ್ಯಾಗು. ಮೇಷ್ಟ್ರಿಗೆ ನನಗಿಂತ ಒಳ್ಳೆ ಇಂಗ್ಲಿಷ್ ಬರುತ್ತೆ. ಆದರೂ, "ನಾನು ಕನ್ನಡದಲ್ಲಿ ಹೇಳ್ತೀನಿ, ನೀನು ಇವರಿಗೆ ಹೇಳಮ್ಮ," ಎಂದರು.

ನನ್ನ ಮಾತು ಆಡೋಕೆ ನನಗೆ ಭಯ. ಬೇರೆಯವರ ಮಾತು ದಾಟಿಸೋಕೆ ಅಷ್ಟಿಲ್ಲ. ಹೇಳ್ತಾ ಹೋದೆ.

"ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಿದ್ದೆ. ಫೋನ್ ಮಾಡಿ, ಬೆರಳಿನ ಗೆಣ್ಣಿನ ಮೇಲೆ ಜಪ ಶುರು ಮಾಡಿದೆ. ನೂರೆಂಟು ಮುಗಿಯೋದರೊಳಗೆ ಬಂದು ಎತ್ತಿದರು. ಹೋದ ತಿಂಗಳು ಮತ್ತೆ ಬಿದ್ದೆ. ಇವರು ಬೇರೆ ಕಡೆ ಇದ್ದರು, ಪಕ್ಕದ ಊರಿನ ಗಾಡಿ ಬರಬೇಕಾಯಿತು. ನಾಲ್ಕು ನೂರೆಂಟು ಮುಗೀತು."

"ಅಂದರೆ ಎಷ್ಟು ನಿಮಿಷ?" ಎಂದರು ಸದಸ್ಯರು.

"ಮಾಡೇ ತೋರಿಸ್ತೀನಿ," ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಜರುಗತೊಡಗಿತು. ಇಡೀ ಸಭೆ ಅವರ ಬೆರಳನ್ನೇ ನೋಡ್ತಾ ಕೂತಿತು. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಗಡಿಯಾರ ನೋಡಿದರು. ಮಾತಿಗೆ ಕೊಟ್ಟ ಎರಡು ನಿಮಿಷ ಮುಗಿದು ಬಜರ್ ಹೊಡೀತು.

ಮೇಷ್ಟ್ರು ಒಂದು ಕಣ್ಣು ತೆರೆದರು. "ನಲವತ್ತೇಳು."

"ಮೊದಲನೇ ನೂರೆಂಟೇ ಇನ್ನೂ ಅರ್ಧ ಆಗಿಲ್ಲ," ಎಂದೆ. ಆಮೇಲೆ ಮೇಷ್ಟ್ರು ಹೇಳದೇ ಇದ್ದದ್ದನ್ನೂ ಸೇರಿಸಿದೆ. "ಅವರು ಒದ್ದೆ ನೆಲದ ಮೇಲೆ ಇಂಥ ನಾಲ್ಕು ಮುಗಿಸಿದಾರೆ, ಸರ್."

ವೋಟಿನಲ್ಲಿ ಆ ಸದಸ್ಯರ ಕೈಯೂ ಮೇಲಿತ್ತು. ಇಬ್ಬರ ಹೊಸ ತಂಡಕ್ಕೆ ಒಪ್ಪಿಗೆ ಸಿಕ್ಕಿತು.

ಹೊರಗೆ ಅಮ್ಮ ಆ ಸದಸ್ಯರನ್ನ ಅಡ್ಡಗಟ್ಟಿ, ಬ್ಯಾಗಿನಿಂದ ಕೋಡುಬಳೆ ಡಬ್ಬಿ ತೆಗೆದರು. "ವೋಟಿಗೆ ಮುಂಚೆ ಕೊಟ್ಟಿದ್ರೆ ಲಂಚ ಅಂತಿದ್ರು. ಅದಕ್ಕೇ ಕಾದೆ ಅಂತ ಹೇಳೇ."

ಹೇಳಿದೆ. ಅವರು ನಕ್ಕು, ಎರಡೂ ಅಂಗೈ ಅಡ್ಡ ಹಿಡಿದು, "ಬೇಡ, ಬೇಡ, ಥ್ಯಾಂಕ್ಸ್," ಎಂದರು.

ಎಚ್ಚರಿಸೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಬ್ಯಾಗಿನಿಂದ ಎರಡನೇ ಡಬ್ಬಿ ತೆಗೀತಿದ್ದರು.