ವೆನಿಸ್ಸಿನಲ್ಲಿ ನಾನು ಹೆಂಡತಿಯನ್ನು ಹಡಗಿಗೆ ಕರೆದೊಯ್ದದ್ದು

ಒಂದು ವಾರ ಹಡಗಿನಲ್ಲಿ ತಿರುಗಬೇಕೆನ್ನುವುದು ನನ್ನ ಹೆಂಡತಿ ಪದ್ಮಿನಿಯ ಬಹುಕಾಲದ ಆಸೆ. ಮಕ್ಕಳ ಕಾಲೇಜು, ಕೆನಡಾದ ಮಿಲ್ಟನ್ನಿನಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನ ಕೆಲಸ ಎಂದು ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೂ ಈ ಬೇಸಿಗೆಯಲ್ಲಿ ವೆನಿಸ್ಸಿನಿಂದ ಹೊರಡುವ ಹಡಗಿಗೆ ಬುಕ್ ಮಾಡಿದೆವು. ಬೀದಿಗಳ ಜಾಗದಲ್ಲಿ ಕಾಲುವೆಗಳಿರುವ ಆ ಹಳೇ ಊರಿನಲ್ಲಿ ಅವಳನ್ನು ಹಡಗುಕಟ್ಟೆಗೆ ತಲುಪಿಸುವ ಮಹತ್ತರ ಹೊಣೆಯನ್ನು ನಾನೇ ವಹಿಸಿಕೊಂಡೆ. ದಿನಾ ಮಿಲ್ಟನ್ನಿನಿಂದ ಟೊರಾಂಟೊಗೆ ರೈಲಲ್ಲಿ ಓಡಾಡುವವನಿಗೆ ಇದೊಂದು ಲೆಕ್ಕವೇ?

"ರೀ, ವಾಟರ್ ಟ್ಯಾಕ್ಸಿ ತಗೊಳ್ಳೋಣ್ವಾ? ನಾಲ್ಕು ಗಂಟೆಗೆ ಹಡಗು ಬಿಟ್ಬಿಡತ್ತೆ" ಎಂದಳು ಹೋಟೆಲಿನ ಬಾಗಿಲಲ್ಲಿ.

"ಯಾಕೆ? ಮ್ಯಾಪಲ್ಲಿ ನೋಡಿದೀನಿ. ಸ್ವಲ್ಪ ದೂರ ನಡೆದ್ರೆ ಕಟ್ಟೆಗೆ ಒಂದು ಪುಟ್ಟ ರೈಲಿದೆ."

ಮ್ಯಾಪಿನಲ್ಲಿ ಸೇತುವೆಗಳಿದ್ದವು. ಅವುಗಳಿಗೆ ಮೆಟ್ಟಿಲುಗಳೂ ಇರುತ್ತವೆಂದು ತೋರಿಸಿರಲಿಲ್ಲ! ಸೂಟ್‌ಕೇಸಿನ ತುಂಬ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಹಡಗಿನಲ್ಲಿ ದಿನವಿಡೀ ಊಟ ಬಡಿಸುತ್ತಾರೆಂದು ಗೊತ್ತಿದ್ದೂ ತುಂಬಿಸಿದವನು ನಾನೇ. ಎರಡು ಸೇತುವೆ ದಾಟುವಷ್ಟರಲ್ಲಿ ಏದುಸಿರು ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಗ ಹಿಂದಿನಿಂದ ಹೆಂಗಸೊಬ್ಬರ ದನಿ ಕೇಳಿಸಿತು. "ಸ್ವಲ್ಪ ನಿಧಾನಕ್ಕೆ ಎಳೀರಿ, ಚಕ್ರ ಕಿತ್ತೋಗತ್ತೆ."

ಕನ್ನಡ! ನನ್ನ ದಣಿವೆಲ್ಲ ಹಾರಿಹೋಯಿತು. ಅವರು ಮೈಸೂರಿನ ಸರೋಜಮ್ಮ, ಜೊತೆಗೆ ಯಜಮಾನರು ನಾಗರಾಜ್. ಇಷ್ಟೊಂದು ಸಾಮಾನು ಎಳೆದುಕೊಂಡು ಹೋಗುವವರು ಹಡಗಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾರೆ? ಅವರ ಹಿಂದೆಯೇ ಹೊರಟೆವು. ಸರಸ್ವತಿಪುರಂನಲ್ಲಿ ಅವರ ಮನೆ ಯಾವ ಮೇನು, ಮಗಳ ಮದುವೆ ಎಲ್ಲಾಯಿತು, ಬೀಗರು ಯಾವ ಕಡೆಯವರು, ಎಲ್ಲ ವಿಚಾರಿಸಿದೆ. ಸರೋಜಮ್ಮನ ಚಿಕ್ಕಮ್ಮ ಪದ್ಮಿನಿಯ ಅತ್ತಿಗೆಯ ತವರಿನ ಪಕ್ಕದ ಮನೆಯವರೆಂದೂ ಪತ್ತೆ ಹಚ್ಚಿದೆ. ಎಲ್ಲಿಗೆ ಹೊರಟಿದ್ದೀರಿ ಎಂಬುದೊಂದನ್ನು ಮಾತ್ರ ಕೇಳಲಿಲ್ಲ.

ಸ್ಟೇಷನ್ ಬಂತು. ಅವರ ಸಾಮಾನನ್ನೂ ನಾನೇ ರೈಲಿಗೆ ಹತ್ತಿಸಿದೆ.

"ಪುಟ್ಟ ರೈಲು ಅಂದ್ರಿ, ಇದು ಇಷ್ಟುದ್ದ ಇದೆಯಲ್ಲ?" ಎಂದಳು ಪದ್ಮಿನಿ.

"ಹಡಗಿಗೆ ಹೋಗೋರು ಜಾಸ್ತಿ ಇರ್ತಾರೆ ಕಣೆ, ಹತ್ತು."

ರೈಲು ನೀರಿನ ಮೇಲಿನ ಉದ್ದ ಸೇತುವೆಗೆ ಬಂತು. ಪದ್ಮಿನಿ ಕಿಟಕಿಗೆ ಹಣೆ ಒತ್ತಿ ನೋಡುತ್ತಿದ್ದಳು.

"ರೀ, ನಮ್ಮ ಹಡಗು ಕಾಣಿಸ್ತಿದೆ."

"ನಾನು ಹೇಳ್ಲಿಲ್ವಾ?"

"ಹಿಂದಕ್ಕೆ ಹೋಗ್ತಿದೆ."

ನಾಗರಾಜರು ನನ್ನ ಮುಖ ನೋಡಿದರು. "ನೀವೂ ಮಿಲಾನಿಗೇ ತಾನೆ ಸಾರ್?"

ಪದ್ಮಿನಿ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣು ತುಂಬಿದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಮುಂದಿನ ಸ್ಟೇಷನ್ನಿನಲ್ಲಿ ದಡಬಡನೆ ಇಳಿದೆವು. ನಾನು ಮತ್ತೆ ಮ್ಯಾಪ್ ತೆರೆಯುವುದರೊಳಗೆ ಅವಳು ಫೋನು ಕಿತ್ತುಕೊಂಡು, ಹೊರಗಿದ್ದ ಟ್ಯಾಕ್ಸಿಯವನಿಗೆ ಹಡಗಿನ ಚಿತ್ರ ತೋರಿಸಿ, ಗಡಿಯಾರ ತೋರಿಸಿ, ಕೈ ಮುಗಿದಳು. ಅವನಿಗೆ ಎಲ್ಲ ಅರ್ಥವಾಯಿತು. ಹಡಗಿನವರು ಬಾಗಿಲು ಹಾಕುವ ಹೊತ್ತಿಗೆ, ಎಲ್ಲರಿಗಿಂತ ಕೊನೆಯವರಾಗಿ ಒಳಗೆ ಓಡಿದೆವು.

ಊರು ದೂರವಾಗುವುದನ್ನು ನೋಡುತ್ತ ಅವಳು ನನ್ನ ತೋಳಿಗೆ ಒರಗಿದಳು. ಕ್ಷಮಿಸಿದಳೆಂದೇ ತಿಳಿದೆ.

ಈಗ ಮಿಲ್ಟನ್ನಿನ ಗೆಳೆಯರಿಗೆ ಫೋಟೋ ತೋರಿಸುವಾಗಲೆಲ್ಲ ಪ್ರೀತಿಯಿಂದಲೇ ಹೇಳುತ್ತಾಳೆ. "ಬೇರೆ ಗಂಡಂದಿರು ಹೆಂಡ್ತೀನ ಹಡಗಿಗೆ ಕರ್ಕೊಂಡ್ ಹೋಗ್ತಾರೆ. ನಮ್ಮನೆಯವ್ರು ರೈಲಲ್ಲಿ ಕೂರಿಸಿ ಹಡಗು ತೋರಿಸಿದ್ರು."

ಮುಂದಿನ ಪ್ರವಾಸದಲ್ಲಿ ನನ್ನ ಹೊಣೆ ಸೂಟ್‌ಕೇಸು ಎಳೆಯುವುದು ಮಾತ್ರ. ಅದೂ ಅವಳ ಹಿಂದೆ.