ಮಂಗಳ ಗ್ರಹದ ಮೆಣಸಿನಕಾಯಿ

ಟಿವಿಯೊಳಗಿನ ತಪ್ಪುಗಳನ್ನೆಲ್ಲ ತಾನೊಬ್ಬನೇ ಹಿಡಿಯಬೇಕಾಗಿ ಬಂದಿರುವುದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ನಿಜಲಿಂಗಪ್ಪನ ಪ್ರಾರಬ್ಧ. ಊರ ಮಂದಿಯೆಲ್ಲ ಅಳಬೇಕಾದಲ್ಲಿ ಅತ್ತು, ಜಾಹೀರಾತು ಬಂದಾಗ ಎದ್ದು ಹೋಗಿ ರೊಟ್ಟಿ ತಿರುವಿ ಹಾಕಿ ಬಂದು, ಆರಾಮವಾಗಿ ಧಾರಾವಾಹಿ ನೋಡುತ್ತಾರೆ. ಇವನಿಗೆ ಆ ಪುಣ್ಯವಿಲ್ಲ. ಅದರಲ್ಲೂ ದಿನಾ ಸಂಜೆ ಏಳಕ್ಕೆ ‘ಮಂಗಳಲೋಕದ ಮಾಂಗಲ್ಯ’ ಎಂಬ ವೈಜ್ಞಾನಿಕ ಧಾರಾವಾಹಿ ಶುರುವಾದಂದಿನಿಂದ (ನಾಯಕಿ ರಾಕೆಟ್ ಹತ್ತಿ ಮಂಗಳ ಗ್ರಹದ ಮನೆತನಕ್ಕೆ ಸೊಸೆಯಾಗಿ ಹೋಗಿದ್ದಾಳೆ) ಅವನಿಗೆ ಉಂಡ ಅನ್ನ ಮೈಗೆ ಹತ್ತಿಲ್ಲ. ಹಾವೇರಿ ಕಾಲೇಜಿನಲ್ಲಿ ಎರಡು ವರ್ಷ ಬಿ.ಎಸ್ಸಿ. ಓದಿ, ಭೌತಶಾಸ್ತ್ರದಲ್ಲಿ ನಪಾಸಾಗಿ ಬಂದ ಮನುಷ್ಯ ಅವನು. ವಿಜ್ಞಾನಕ್ಕೆ ಅನ್ಯಾಯವಾದರೆ ಹೇಗೆ ಸಹಿಸಿಯಾನು?

“ನೀಲಾ, ನೋಡಿಲ್ಲಿ. ಮಂಗಳದಾಗ ಹೇಳ್ಕೊಳ್ಳೂವಂಥಾ ಗಾಳಿನ ಇಲ್ಲ. ಇಕಿ ಸೆರಗು ಹೆಂಗ ಹಾರಾಕತ್ತೇತಿ?”

“ಫ್ಯಾನ್ ಹಚ್ಚ್ಯಾರ. ಸುಮ್ಕ ಕುಂದ್ರಿ,” ಎನ್ನುತ್ತಾಳೆ ಹೆಂಡತಿ ನೀಲಗಂಗವ್ವ.

“ಮಂಗಳಕ್ಕ ಎರಡು ಚಂದ್ರ ಅದಾವು. ಇಕಿ ಒಂದ ಚಂದ್ರನ್ನ ನೋಡಿ ಸಂಕಷ್ಟಿ ಉಪಾಸ ಬಿಟ್ಟಳಲ್ಲ!”

“ಇನ್ನೊಂದು ಮೂಡೂತನಕಾ ಹಸಗೊಂಡು ಸಾಯಬೇಕೇನ್ರಿ ಪಾಪ? ನಿಮಗ ಕರುಳ ಅನ್ನೂದ ಇಲ್ಲ.”

ಇಷ್ಟಕ್ಕೇ ನಿಂತಿದ್ದರೆ ನೀಲಗಂಗವ್ವ ಹೇಗೋ ಬಾಳುವೆ ಮಾಡುತ್ತಿದ್ದಳು. ಆದರೆ ಈ ಚಟ ಟಿವಿಯಿಂದ ಹೊರಗೆ ಜಿಗಿದು ಪಡಸಾಲೆಗೂ ಬಂತು. ಹೋದ ವರ್ಷ ಮಗಳು ಐಶ್ವರ್ಯಳಿಗೆ ಹಾವೇರಿಯಿಂದ ಗಂಡು ಬಂದಿತ್ತು. ಉಪ್ಪಿಟ್ಟು ತಿನ್ನುವಾಗ ಹನ್ನೆರಡು ಎಕರೆ ಹೊಲ ಇದೆ ಎಂದ ಗಂಡಿನ ತಂದೆ ಚಹಾ ಕುಡಿಯುವಾಗ ಹದಿನಾಲ್ಕು ಎಂದರು. “ಉಪ್ಪಿಟ್ಟಿನಿಂದ ಚಹಾಕ್ಕ ಬರೂದ್ರಾಗ ಎರಡು ಎಕರೆ ಹೆಂಗ ಬೆಳೀತ್ರಿ?” ಎಂದು ಕೇಳಿಯೇ ಬಿಟ್ಟ ನಮ್ಮ ಸತ್ಯಶೋಧಕ. ಬಂದವರು ಕಪ್ಪು ಕೆಳಗಿಟ್ಟು ಚಪ್ಪಲಿ ಮೆಟ್ಟಿದರು.

ಈಗ ರಾಣೆಬೆನ್ನೂರಿನ ಸಂಬಂಧ ಕೂಡಿಬಂದಿತ್ತು. ಹುಡುಗ ವಿಜಯಮಹಾಂತೇಶನದು ಅರಿವೆ ಅಂಗಡಿ. ಹುಡುಗ ಹುಡುಗಿ ಆಗಲೇ ಒಬ್ಬರನ್ನೊಬ್ಬರು ಒಪ್ಪಿ, ಫೋನಿನಲ್ಲೇ ಅರ್ಧ ಸಂಸಾರ ನಡೆಸಿದ್ದರು. ಹುಡುಗನ ತಾಯಿ ಗುರುಬಸವ್ವ ಬಂದು ಹೂಂ ಅನ್ನುವುದೊಂದೇ ಬಾಕಿ. ಆ ತಾಯಿಯೋ, ಮಂಗಳಲೋಕದ ಪರಮ ಭಕ್ತೆ. “ಏಳರ ಧಾರಾವಾಹಿ ನಿಮ್ಮ ಮನ್ಯಾಗ ನೋಡಿನ ಹೋಗಾಕಿ,” ಎಂದು ಮೊದಲೇ ಹೇಳಿ ಕಳಿಸಿದ್ದಳು.

ಅದಕ್ಕೂ ಕಾರಣವಿತ್ತು. ಜನವರಿಯಲ್ಲಿ ಧಾರಾವಾಹಿಯವರು ಮಂಗಳ ಗ್ರಹ ಹುಡುಕುತ್ತ ಬ್ಯಾಡಗಿಗೆ ಬಂದಿದ್ದರು. ಮೋಟೆಬೆನ್ನೂರು ರಸ್ತೆಯಲ್ಲಿ ನಿಜಲಿಂಗಪ್ಪ ಮೆಣಸಿನಕಾಯಿ ಒಣಹಾಕುವ ಕಣ ನೋಡಿ, “ಇದೇ ಮಂಗಳ!” ಎಂದು ಕುಣಿದಾಡಿದ್ದರು. ಎರಡು ದಿನ ಅಲ್ಲಿ ಚಿತ್ರೀಕರಣವಾಯಿತು. ಗಗನಯಾತ್ರಿಗಳು ಗಾಜಿನ ಶಿರಸ್ತ್ರಾಣದೊಳಗೇ ಸೀನಿ ಸೀನಿ ಸುಸ್ತಾದರು. ಆ ಕಂತು ಬರುವುದು ಇದೇ ಸಂಜೆ.

“ಅಪ್ಪಾ, ನಿನಗ ಕೈ ಮುಗೀತೇನಿ. ಈ ಸಂಬಂಧ ಮುರೀತಂದ್ರ ನಾ ಇನ್ನೊಬ್ಬವನ ಮಾರಿ ನೋಡಂಗಿಲ್ಲ,” ಎಂದಳು ಐಶ್ವರ್ಯ. ಅವಳ ಕಣ್ಣಲ್ಲಿ ನೀರಿತ್ತು. ನೀಲಗಂಗವ್ವ ಗಂಡನ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. “ಆಣಿ ಮಾಡ್ರಿ. ಧಾರಾವಾಹಿ ಮುಗಿಯೂತನಕಾ ತಪ್ಪು ಅನ್ನೂ ಮಾತು ಬಾಯಾಗಿಂದ ಬರಬಾರದು.” ನಿಜಲಿಂಗಪ್ಪನಿಗೆ ಮಗಳೆಂದರೆ ಜೀವ. ಆಣೆ ಮಾಡಿದ.

ಏಳಾಯಿತು. ಗುರುಬಸವ್ವ ಸೋಫಾದ ನಡುವೆ, ಪಕ್ಕಕ್ಕೆ ಮಗ, ಎದುರಿಗೆ ಮಿರ್ಚಿ ಭಜಿಯ ತಟ್ಟೆ. ಕಥೆ ನಡೆಯುವುದು ಕ್ರಿ.ಶ. ಎರಡು ಸಾವಿರದ ಎಂಬತ್ತೇಳರಲ್ಲಿ. ನಾಯಕಿಯ ಮನೆಯ ಗೋಡೆಗೆ ಮಾತ್ರ ಈ ವರ್ಷದ ಕ್ಯಾಲೆಂಡರು ತೂಗುತ್ತಿತ್ತು. ನಿಜಲಿಂಗಪ್ಪ ಒಂದು ಮಿರ್ಚಿ ಎತ್ತಿ ಇಡಿಯಾಗಿ ಬಾಯಿಗೆ ತುರುಕಿಕೊಂಡ. ನಾಯಕಿ ಬಿದ್ದಳು, ಬಲಗಡೆ ಹಣೆಗೆ ಪೆಟ್ಟಾಯಿತು. ಎದ್ದಳು, ರಕ್ತ ಎಡಗಡೆ! ಇನ್ನೊಂದು ಮಿರ್ಚಿ. ಗಗನಯಾತ್ರಿಯೊಬ್ಬ ಗಾಜು ಮುಚ್ಚಿದ್ದಂತೆಯೇ ಕರವಸ್ತ್ರದಿಂದ ಮೂಗು ಒರೆಸಿಕೊಂಡ. ಒಟ್ಟಿಗೆ ಎರಡು ಮಿರ್ಚಿ. ನಾಯಕಿಯ ಕಣ್ಣಿಂದ ಧಾರಾಕಾರ ನೀರು ಹರಿಯಿತು (ಕಣದ ಘಾಟಿಗೆ ಹರಿಯದೆ ಇನ್ನೇನು?), ಅದನ್ನು ನೋಡಿ ಗುರುಬಸವ್ವನೂ ಅತ್ತಳು. ನಿಜಲಿಂಗಪ್ಪನ ಮುಖ ಕೆಂಪಾಗಿ ಊದಿಕೊಂಡಿತ್ತು.

“ಎಷ್ಟ್ ಕೆಂಪಗದಾನ್ರಿ ಬೀಗ್ರ ನಿಮ್ಮ ಮಂಗಳ!” ಎಂದಳು ಗುರುಬಸವ್ವ.

“ಅಪ್ಪಟ ಬ್ಯಾಡಗಿ ಕಾಯಿ ಅವ್ವಾರ, ಡಬ್ಬಿ ಜಾತಿದು. ಕಲಬೆರಕಿ ಅನ್ನೂದ ನಮ್ಮಲ್ಲಿಲ್ಲ,” ಎಂದ ನಿಜಲಿಂಗಪ್ಪ ಹೆಮ್ಮೆಯಿಂದ. ನೀಲಗಂಗವ್ವ ದೇವರಿಗೆ ಮನಸ್ಸಿನಲ್ಲೇ ಕಾಯಿ ಒಡೆಸಿದಳು.

ಇನ್ನೈದು ನಿಮಿಷವಿತ್ತು. ನಾಯಕಿ ಮಂಗಳದ ನೆಲದಿಂದ ಒಂದು ಹಿಡಿ ಎತ್ತಿಕೊಂಡು ಶಪಥ ಮಾಡತೊಡಗಿದಳು. ಹಿಡಿಯೊಳಗೆ ಸುಕ್ಕುಸುಕ್ಕಾದ ದುಂಡನೆಯ ಕಾಯಿ. ಅತ್ತೆಯ ಸಿಟ್ಟಿನ ಮುಖ ತೋರಿಸಿದರು. ಮತ್ತೆ ಅದೇ ಹಿಡಿ. ಈಗ ಅದರಲ್ಲಿ ನುಣ್ಣನೆಯ, ಹೊಳೆಯುವ ಕಾಯಿ. ಮಿರ್ಚಿಯ ತಟ್ಟೆ ಖಾಲಿಯಾಗಿತ್ತು.

“ತಪ್ಪು! ಹಿಡದೆ ನೋಡು ತಪ್ಪು!” ನಿಜಲಿಂಗಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದ. “ಆಗ ಕೈಯಾಗ ಬ್ಯಾಡಗಿ ಡಬ್ಬಿ ಇತ್ತು, ಈಗ ಗುಂಟೂರು ಕಾಯಿ ಬಂತು! ಅತ್ತಿ ಮಾರಿ ತೋರಿಸಿ ತಿರುಗೂದ್ರಾಗ ಮಾಲ ಬದಲಿ! ಯಾರ ಕಣ್ಣಿಗೆ ಮಣ್ಣು ಎರಚ್ತಾರ ಇವ್ರು?”

ಗುರುಬಸವ್ವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಬೀಗ್ರ, ಕಣ ಯಾರದಂದ್ರಿ?”

“ನಮ್ದ...”

“ಕಾಯಿ?”

ನಿಜಲಿಂಗಪ್ಪ ಚಪ್ಪಾಳೆ ಹೊಡೆದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ರಾಶಿಯ ಮುಂದೆ ಬಣ್ಣ ಹೆಚ್ಚು ಖಾರ ಕಡಿಮೆಯ ಬ್ಯಾಡಗಿ, ಹಿಂದೆ ಅಗ್ಗದ, ಬೆಂಕಿಯಂಥ ಖಾರದ ಗುಂಟೂರು ಹಾಕಿ ಎರಡನ್ನೂ ಹದವಾಗಿ ಬೆರೆಸುವ ಗುಟ್ಟು ಅವನಿಗೆ ಮತ್ತು ಅವನ ಹಮಾಲ ಫಕ್ಕೀರಸಾಬನಿಗೆ ಬಿಟ್ಟರೆ ಸ್ವಂತ ಹೆಂಡತಿಗೂ ಗೊತ್ತಿರಲಿಲ್ಲ.

“ಹೋದ ತಿಂಗಳ ಅಪ್ಪಟ ಬ್ಯಾಡಗಿ ಅಂತ ನಮ್ಮನಿಗೆ ಒಂದು ಚೀಲ ಕಳಿಸಿದ್ರಿ,” ಎಂದಳು ಗುರುಬಸವ್ವ. “ನನ್ನ ಸಾರು ಉಂಡಾವ್ರೆಲ್ಲ ನೀರು ನೀರು ಅಂತ ಒದರಾಕತ್ರು. ವಯಸ್ಸಾತು, ಕೈಯಾಗಿನ ಹದಾ ಹೋತು ಅಂತ ನಾ ಅತ್ತೇನ್ರಿ.”

ಅಡುಗೆಮನೆಯ ಬಾಗಿಲಲ್ಲಿ ಐಶ್ವರ್ಯ ಬಿಕ್ಕಿದ್ದು ಕೇಳಿಸಿತು. ನೀಲಗಂಗವ್ವ ಹಣೆ ಹಣೆ ಬಡಿದುಕೊಂಡಳು.

“ತಪ್ಪು ನಂದರಿ ಅವ್ವಾರ,” ಎಂದ ನಿಜಲಿಂಗಪ್ಪ, ಕೈ ಜೋಡಿಸಿ. “ನಮ್ಮ ಹುಡುಗಿಗೆ ಇದ್ಯಾವುದೂ ಗೊತ್ತಿಲ್ಲ. ನನ್ನ ಮ್ಯಾಲಿನ ಸಿಟ್ಟು ಅಕಿ ಮ್ಯಾಲ ಹಾಕಬ್ಯಾಡ್ರಿ.”

ಗುರುಬಸವ್ವ ಅವನನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಕಳವು ಮಾಡಿ ಮುಚ್ಚಿಟ್ಟಾವ್ರನ್ನ ಭಾಳ ಮಂದಿನ್ನ ನೋಡೇನಿ. ತನ್ನ ಕಳವು ತಾನ ಹಿಡಕೊಟ್ಟು ಚಪ್ಪಾಳಿ ಹೊಡಕೊಂಡಾವ್ರನ್ನ ಇವತ್ತ ನೋಡಿದೆ! ಇಂಥಾ ಮನ್ಯಾಗ ಏನೂ ಗುಟ್ಟು ಉಳಿಯೂದಿಲ್ಲ. ಹುಡುಗಿ ನಮ್ಮದರಿ. ಆದ್ರ ಒಂದು ಕರಾರು. ಲಗ್ನದ ಅಡಿಗಿಗೆ ಅಪ್ಪಟ ಬ್ಯಾಡಗಿನ ಆಗಬೇಕು. ಆ ರಾಶಿಯೊಳಗ ಒಂದೊಂದ ಆರಿಸಿ ಕೊಡ್ರಿ. ಆಳು ಹಚ್ಚಬ್ಯಾಡ್ರಿ. ನಿಮ್ಮಂಥಾ ಕಣ್ಣು ಮತ್ಯಾರಿಗೈತಿ?”

ಹೀಗೆ ನಿಜಲಿಂಗಪ್ಪ ಮಾರನೆಯ ದಿನದಿಂದ ತಲೆಗೆ ಟವೆಲು ಸುತ್ತಿಕೊಂಡು ಮಂಗಳ ಗ್ರಹದ ನಟ್ಟನಡುವೆ ಕುಕ್ಕರುಗಾಲಲ್ಲಿ ಕುಳಿತ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಛತ್ರಿ ಹಿಡಿದು ನೀಲಗಂಗವ್ವ.

“ರೀ, ಅದು ಗುಂಟೂರು. ಡಬ್ಬಿ ರಾಶಿಗೆ ಒಗದೀರಿ. ತಪ್ಪು.”

“ಗೊತ್ತಾತಬೇ.”

“ಅಲ್ಲಿ ನೋಡ್ರಿ, ಒಂದು ಬಿಟ್ರಿ. ಅದೂ ತಪ್ಪು.”

ಹೊತ್ತು ಮುಳುಗಿತು. ನೀಲಗಂಗವ್ವ ಛತ್ರಿ ಮಡಚಿ ಎದ್ದಳು. ನಿಜಲಿಂಗಪ್ಪನೂ ಮೊಣಕಾಲು ಹಿಡಿದು ಏಳಲು ನೋಡಿದ.

“ನೀವೆಲ್ಲಿಗೆ? ಅರ್ಧಾ ರಾಶಿ ಹಂಗ ಐತಿ, ಕುಂದ್ರಿ,” ಎಂದಳು ಅವಳು. “ಏಳಾಗಾಕ ಬಂತು, ನಾ ಧಾರಾವಾಹಿ ನೋಡಾಕ ಹೊಂಟೇನಿ. ತಪ್ಪೇನರ ಬಂದ್ರ ನಾನ ಹಿಡಕೊಂಡು ಬಂದು ಹೇಳ್ತೇನಿ.”